ಇನ್ನೂರ ಹದಿಮೂರು ತಪ್ಪು ಸಾಲು

6 ಜೂನ್ 1988, ಕೋಲಾರ

ಇವತ್ತು ಪ್ರೋಗ್ರಾಂ ಬರೆಯಲು ಕೂತೆ. ಎರಡು ವರ್ಷದ ಕೆಳಗೆ ಇದೇ ನಿವೇಶನ ಕಚೇರಿಯ ಗೇಟಿನ ಹೊರಗೆ ನಿಂತು, "ಜಾಗ ಕೊಡಿ, ಇಲ್ಲ ಕುರ್ಚಿ ಬಿಡಿ" ಎಂದು ನಾವು ಗಂಟಲು ಹರಿದುಕೊಂಡಿದ್ದೆವು. ಇವತ್ತು ಅದೇ ಗೇಟಿನ ಜವಾನ ನನಗೆ ಟೀ ತಂದುಕೊಟ್ಟ. ಲೋಟ ಮಾತ್ರ ಬೇರೆ. ನೋಡಿದೆ, ಕುಡಿದೆ.

ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಸೂಪರಿಂಟೆಂಡೆಂಟ್ ಗಂಗುಲಪ್ಪನವರು ಅದರ ಹಣೆಗೆ ಕುಂಕುಮ ಇಟ್ಟಿದ್ದಾರೆ. ನಾಲ್ಕು ತಾಲ್ಲೂಕಿನ ಮನೆಯಿಲ್ಲದವರ ಅರ್ಜಿಗಳನ್ನು ಇದರೊಳಗೆ ಹಾಕಿ, ಒಬ್ಬನೇ ಎರಡು ಸಲ ಹಾಕಿದ ಅರ್ಜಿಗಳನ್ನು ಹಿಡಿದು ತೆಗೆಯಬೇಕು. ಹೋದ ಸಲ ಒಬ್ಬ ಪುಣ್ಯಾತ್ಮ ಮೂರು ಹೆಸರಿನಲ್ಲಿ ಮೂರು ನಿವೇಶನ ಹೊಡೆದು ಪೇಪರಿನಲ್ಲಿ ಬಂದಿತ್ತಂತೆ. ಆ ಭಯಕ್ಕೇ ಈ ಯಂತ್ರ, ಯಂತ್ರಕ್ಕೆ ನಾನು.

ಸಿ ಭಾಷೆ ನನಗೆ ಇಷ್ಟ. ಅದರಲ್ಲಿ ಪ್ರೋಗ್ರಾಂ ಹುಟ್ಟುವಾಗಲೇ ಅದಕ್ಕೆ ದಾರಿಗಳನ್ನು ತೆರೆದುಕೊಟ್ಟಿರುತ್ತಾರೆ. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು, ತಪ್ಪನ್ನು ಹೇಳಲು ಬೇರೆಯದೇ ಒಂದು. ಸರಿಯಾದ ಹೆಸರು ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲಿ ಹೋಗುತ್ತದೆ. ತಪ್ಪು ಸ್ಟ್ಯಾಂಡರ್ಡ್ ಎರರ್‌ನಲ್ಲಿ ಹೋಗುತ್ತದೆ. ಯಾರಪ್ಪನ ಮಗ, ಯಾವ ಕೇರಿಯವನು ಎಂದು ಅದು ಕೇಳುವುದಿಲ್ಲ. ಗುಮಾಸ್ತರ ಕೈಯಿಂದ ಪಟ್ಟಿ ಕಿತ್ತು ಯಂತ್ರಕ್ಕೆ ಕೊಟ್ಟರೆ ಅರ್ಧ ಅನ್ಯಾಯ ಅಲ್ಲಿಗೇ ಸಾಯುತ್ತದೆ. ಅವತ್ತು ಗೇಟಿನಲ್ಲಿ ಜೊತೆಗೆ ಕೂಗಿದ್ದ ಸಂಘಟನೆಯ ಆವಲಪ್ಪಣ್ಣನಿಗೂ ಇದನ್ನೇ ಹೇಳಿ ಬಂದಿದ್ದೇನೆ.

9 ಜೂನ್

ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡುವವರು ಅಜ್ಮತುಲ್ಲಾ. ಮೊದಲು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಅವರ ಕಣ್ಣಿಗೆ ಬೀಳದ ತಪ್ಪಿಲ್ಲ. ಮಧ್ಯಾಹ್ನ ಕರೆದರು.

"ಮೇಡಂ, ಇದೇನು ತಮಾಷೆ ನೋಡಿ. ಈ ಮುಳಬಾಗ್ಲು ಕಟ್ಟಲ್ಲಿ ಪೆದ್ದ ಮುನಿಯಪ್ಪ ಅಂತ ಒಂದು ಅರ್ಜಿ. ನೂರು ಅರ್ಜಿ ಬಿಟ್ಟು ದೊಡ್ಡ ಮುನಿಯಪ್ಪ ಅಂತ ಇನ್ನೊಂದು. ಅದೇ ಊರು, ಅದೇ ಅಪ್ಪ."

"ಒಬ್ಬನೇ ಇರ್ಬೇಕು. ತೆಲುಗು ಗುಮಾಸ್ತನ ಹತ್ರ ಪೆದ್ದ ಆಗಿದಾನೆ, ಕನ್ನಡದವನ ಹತ್ರ ದೊಡ್ಡ ಆಗಿದಾನೆ."

"ಎರಡು ಭಾಷೇಲಿ ಎರಡು ಮನೆ. ಒಳ್ಳೆ ಕಿಲಾಡಿ ಬಿಡಿ."

ಆ ಊರಿನ ಗುಮಾಸ್ತನಿಗೆ ಫೋನು ಮಾಡಿ ಕೇಳಿದೆ. ಹೌದು, ಒಬ್ಬನೇ. ಆಗಲೇ ನಿಯಮ ಹೊಳೆಯಿತು. ಹೆಸರಿನ ಮುಂದಿನ ದೊಡ್ಡ, ಪೆದ್ದ, ಚಿಕ್ಕ, ಚಿಕ್ಕವನಿಗೇ ತೆಲುಗಿನಲ್ಲಿ ಹೇಳುವ ಚಿನ್ನ, ನಡುವಿನವನಿಗೆ ಹೇಳುವ ನಡಿಪಿ ಎಲ್ಲ ಕತ್ತರಿಸಿ ಹಾಕುವುದು. ಉಳಿದ ಹೆಸರು, ಅಪ್ಪನ ಹೆಸರು, ಊರು ಮೂರೂ ಒಂದೇ ಆದರೆ ಎರಡನೆಯದು ಜೋಡಿ ಅರ್ಜಿ. ಅದನ್ನು ತಪ್ಪಿನ ದಾರಿಗೆ ತಳ್ಳುವುದು. ಹದಿನೆಂಟು ಸಾಲಿನಲ್ಲಿ ಬರೆದೆ. ಬೆಂಗಳೂರಿನಿಂದ ಬಂದ ಯಾವ ಮೇಧಾವಿಗೂ ಇದು ಹೊಳೆಯುತ್ತಿರಲಿಲ್ಲ. ಈ ಗಡಿಯಲ್ಲಿ ಹುಟ್ಟಿದವರಿಗೇ ಗೊತ್ತು, ಪೆದ್ದ ಎಂದರೂ ದೊಡ್ಡ ಎಂದರೂ ಒಂದೇ ಎಂದು.

ಗಂಗುಲಪ್ಪನವರು ಬೆನ್ನು ತಟ್ಟುವಷ್ಟು ಹತ್ತಿರ ಬಂದು, ತಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡರು. "ಭೇಷ್ ಕಣಮ್ಮ" ಎಂದರು.

15 ಜೂನ್

ಹನ್ನೊಂದಕ್ಕೆ ಕರೆಂಟು ಹೋಯಿತು. ಬೆಳಿಗ್ಗೆಯಿಂದ ಅಜ್ಮತುಲ್ಲಾ ಹೊಡೆದಿದ್ದ ಹೆಸರುಗಳು ಒಂದೂ ಉಳಿಯಲಿಲ್ಲ. ತಪ್ಪು ನನ್ನದೇ. ಬೆಳಿಗ್ಗೆ ಫೈಲು ತೆರೆದರೆ ಸಂಜೆ ಮುಚ್ಚುವ ಹಾಗೆ ಬರೆದಿದ್ದೆ. ಮುಚ್ಚುವವರೆಗೆ ಹೆಸರುಗಳು ಡಿಸ್ಕಿಗೆ ಇಳಿಯುವುದಿಲ್ಲ, ಯಂತ್ರದ ನೆನಪಿನ ಮೊಗಸಾಲೆಯಲ್ಲಿ ಕಾದು ಕೂತಿರುತ್ತವೆ. ದೀಪ ಹೋದರೆ ಅಲ್ಲೇ ಸಾಯುತ್ತವೆ. ತಪ್ಪಿನ ಸಾಲು ಹಾಗಲ್ಲ. ಅದು ಸರದಿ ಕಾಯುವುದಿಲ್ಲ, ಹುಟ್ಟಿದ ಕ್ಷಣ ಪರದೆಯ ಮೇಲೆ ಬಂದು ನಿಲ್ಲುತ್ತದೆ.

ಪ್ರೋಗ್ರಾಂ ತಿದ್ದಿದೆ. ಒಂದೊಂದು ಹೆಸರಿಗೂ ಫೈಲು ತೆರೆ, ಕೊನೆಗೆ ಸೇರಿಸು, ಮುಚ್ಚು. ನಿಧಾನ. ಆದರೆ ಹೋದರೆ ಒಂದೇ ಹೆಸರು ಹೋಗುತ್ತದೆ.

ಸುಸ್ತು.

16 ಜೂನ್

ಕರೆಂಟಿಲ್ಲ. ಮುಂಗೈ ನೋವು.

24 ಜೂನ್

ಕೋಲಾರದ ಪಟ್ಟಿ ಮೊನ್ನೆ ಮುಗಿಯಿತು. ಮಾಲೂರಿನದು ಇವತ್ತು. ಸರಿಯಾದ ಹೆಸರುಗಳನ್ನು ಫೈಲಿಗೆ ತಿರುಗಿಸಿ ಓಡಿಸಿದೆ. ತಪ್ಪಿನ ಸಾಲುಗಳು ಪರದೆಯ ಮೇಲೆ ಸರಸರನೆ ಹತ್ತಿ ಮೇಲೆ ಮಾಯವಾಗುತ್ತಿದ್ದವು. ಗಂಗುಲಪ್ಪನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದೇನಮ್ಮ ಹಂಗೆ ಓಡ್ತಾ ಇರೋದು?"

"ಜೋಡಿ ಅರ್ಜಿಗಳು ಸಾರ್. ಬಿದ್ದು ಹೋದವು."

"ಪೇಪರಿನ ಮೇಲೆ ಬರಲ್ವಲ್ಲ?"

"ಇಲ್ಲ ಸಾರ್. ಪೇಪರಿಗೆ ಸರಿಯಾದ್ದು ಮಾತ್ರ. ಬೇಕು ಅಂದ್ರೆ ಇದನ್ನೂ ತೆಗೀಬಹುದು."

"ಯಾಕೆ ಬೇಕು. ರಿಬ್ಬನ್ನು ಬೆಂಗಳೂರಿಂದ ಬರಬೇಕು. ಇರೋರ ಪಟ್ಟಿ ಸಾಕು, ಇಲ್ಲದೋರ ಪಟ್ಟಿ ಕಟ್ಕೊಂಡು ಏನ್ ಮಾಡೋಣ."

ಮಾತು ನ್ಯಾಯವಾಗಿಯೇ ಇತ್ತು. ಕೋಲಾರದಲ್ಲಿ ಐವತ್ತೆಂಟು, ಮಾಲೂರಿನಲ್ಲಿ ನಲವತ್ತೊಂದು ಮೋಸ ಸಿಕ್ಕಿವೆ. ನಮ್ಮ ಕಚೇರಿಯ ಇತಿಹಾಸದಲ್ಲೇ ಇಷ್ಟು ಶುದ್ಧವಾದ ಪಟ್ಟಿ ಹೊರಟಿಲ್ಲ ಎಂದು ಮೇಲಿನವರಿಗೆ ಟಿಪ್ಪಣಿ ಹೋಯಿತು. ಎರಡೂ ತಾಲ್ಲೂಕಿನ ಪಟ್ಟಿ ಕರಡು ಅಂಟಿಸದೆಯೇ ಅಂತಿಮ.

2 ಜುಲೈ

ಆವಲಪ್ಪಣ್ಣ ಬಂದಿದ್ದ. ಚಪ್ಪಲಿ ಬಿಟ್ಟು ಬಾ ಎಂದೆ. ಬಿಡಲಿಲ್ಲ. ಕೊನೆಗೆ ನಾನೇ ಹೊರಗೆ ಹೋದೆ.

"ಏನಮ್ಮಾ ಭಾರತಮ್ಮ, ಕುರ್ಚಿ ಮೆತ್ತಗಿದೆಯಾ?"

"ಮರದ್ದಣ್ಣ. ಸೊಂಟ ಹೋಗಿದೆ."

"ಹತ್ತನೇ ತಾರೀಕು ಮುಳಬಾಗ್ಲಲ್ಲಿ ಸಭೆ ಇದೆ. ನಿವೇಶನದ್ದೇ. ಬಂದು ನಾಲ್ಕು ಮಾತಾಡು."

"ಹೆಂಗ್ ಬರ್ಲಣ್ಣ, ನಾನೀಗ ಇಲ್ಲಿ ಕೆಲಸದಲ್ಲಿದೀನಿ. ನಾವೇ ಪಟ್ಟಿ ಮಾಡಿ, ನಾವೇ ಹೋಗಿ ಕೂಗೋದಾ?"

"ಯಾವ ನಾವು?" ಎಂದ. ನಕ್ಕು ಬೀಡಿ ಹಚ್ಚಿದ. "ಆಯ್ತು ಬಿಡು. ಪಟ್ಟೀಲಿ ನಮ್ಮೋರು ಇದ್ರೆ ಸಾಕು."

ಹೋದ ಮೇಲೆ ಬೇಜಾರಾಯಿತು. ಸಂಘಟನೆಯವರಿಗೆ ಕಚೇರಿ ಕೆಲಸದ ಕಷ್ಟ ತಿಳಿಯುವುದಿಲ್ಲ. ಎಲ್ಲದಕ್ಕೂ ಸಭೆ, ಎಲ್ಲದಕ್ಕೂ ಕೂಗು. ನಾಲ್ಕು ತಾಲ್ಲೂಕು ಮುಗಿದ ದಿನ ನನ್ನನ್ನು ಕಾಯಂ ಮಾಡುವ ಆರ್ಡರಿಗೆ ಸಹಿ ಬೀಳುತ್ತದೆ ಎಂದಿದ್ದಾರೆ. ನಮ್ಮ ಕೇರಿಯಿಂದ ಈ ಮೇಜಿಗೆ ಬಂದವಳು ನಾನೇ ಮೊದಲು. ಅದು ಸಣ್ಣ ಮಾತಲ್ಲ.

11 ಜುಲೈ

ಮುಳಬಾಗಿಲು ತಾಲ್ಲೂಕು ಓಡಿಸಿದೆ. ಇನ್ನೂರ ಹದಿಮೂರು ತಪ್ಪು ಸಾಲು. ಮಿಕ್ಕ ಎರಡೂ ಸೇರಿಸಿದರೂ ಅದರ ಅರ್ಧ ಆಗುವುದಿಲ್ಲ. ನನ್ನ ತಾಲ್ಲೂಕೇ ಇಷ್ಟು ಕಳ್ಳ ತಾಲ್ಲೂಕು ಎಂದು ಗೊತ್ತಿರಲಿಲ್ಲ. ನಾಚಿಕೆಯಾಯಿತು.

18 ಜುಲೈ

ಇನ್ನು ಮುಂದೆ ಮೊದಲು ಕರಡು ಅಂಟಿಸಬೇಕು ಎಂದು ಮೇಲಿನಿಂದ ಆದೇಶ ಬಂದಿದೆ. ಮುಳಬಾಗಿಲಿನ ನಮ್ಮ ಶಾಖೆಯ ಬೋರ್ಡಿಗೆ ಕರಡು ಪಟ್ಟಿ ಅಂಟಿಸಿ ಬಂದರು. ಇಪ್ಪತ್ತೊಂಬತ್ತಕ್ಕೆ ಆಕ್ಷೇಪಣೆಗೆ ಕೊನೆ. ಒಂದನೇ ತಾರೀಕು ಅಂತಿಮ. ಆಮೇಲೆ ಶ್ರೀನಿವಾಸಪುರ ಒಂದೇ ಉಳಿಯುತ್ತದೆ.

ಜ್ವರ ಬಂದಂತಿದೆ. ಬಂದಿಲ್ಲ.

20 ಜುಲೈ

ಒಬ್ಬ ಹೆಂಗಸು ಮುಳಬಾಗಿಲಿನ ಕಡೆಯ ಹಳ್ಳಿಯಿಂದ ಬಸ್ಸು ಹತ್ತಿ ನೇರ ಇಲ್ಲಿಗೇ ಬಂದಿದ್ದಳು. ಹೆಸರು ಆದಿಲಕ್ಷ್ಮಮ್ಮ. ಗಂಡ ಚಿಕ್ಕ ಮುನಿಯಪ್ಪ. ಅರ್ಜಿಯ ರಸೀತಿಯನ್ನು ಎಲೆಅಡಿಕೆ ಚೀಲದಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

"ನಮ್ದು ಹೆಸ್ರಿಲ್ಲ ಅಂದ್ರು. ರಸೀತಿ ಇದೆ ನೋಡವ್ವ."

"ನಿಮ್ಮೆಜಮಾನ್ರು ಎರಡು ಅರ್ಜಿ ಹಾಕಿದಾರಮ್ಮ. ಅದಕ್ಕೆ ಬಿದ್ದೋಗಿದೆ."

"ಯಾರು, ನಮ್ಮಾಯಪ್ಪನಾ?" ಅವಳಿಗೆ ನಗು ಬಂತು. "ಒಂದು ಹೆಬ್ಬೆಟ್ಟು ಒತ್ತಕ್ಕೆ ಎರಡು ದಿನ ಮಾಡ್ದ. ಎರಡನೇದು ಒತ್ತಕ್ಕೆ ಅವನಿಗೆ ಈ ಜನ್ಮ ಸಾಲ್ದು."

"ಇಲ್ಲಿ ಮುನಿಯಪ್ಪ ಇದೆಯಲ್ಲಮ್ಮ. ಅದೇ ಅಪ್ಪ, ಅದೇ ಊರು."

"ಅದು ನಮ್ ಭಾವ. ದೊಡ್ಡ ಮುನಿಯಪ್ಪ. ಅದಾದ್ಮೇಲೆ ನಡಿಪಿ ಮುನಿಯಪ್ಪ. ನಮ್ಮೋನು ಚಿಕ್ಕ ಮುನಿಯಪ್ಪ. ನಮ್ಮತ್ತೆಗೆ ಹುಟ್ಟಿದ್ದೆಲ್ಲಾ ಹೋಗ್ತಿದ್ವಂತೆ. ಮುನೇಶ್ವರನಿಗೆ ಹೇಳ್ಕೊಂಡ್ಳು, ಉಳಿದ್ರೆ ಎಲ್ಲಾ ನಿನ್ ಹೆಸ್ರೇ ಅಂತ. ಮೂರೂ ಉಳಿದ್ವು. ಬೇರೆ ಹೆಸ್ರು ಇಕ್ಕಕ್ಕೆ ಅವ್ಳಿಗೆ ಧೈರ್ಯ ಎಲ್ಲಿಂದ ಬರ್ಬೇಕು?"

ಆಕ್ಷೇಪಣೆ ಬರೆದುಕೊಡಿ ಎಂದೆ. ಬರೆಯಲು ಬರುವುದಿಲ್ಲ ಎಂದಳು. ಮುಳಬಾಗಿಲಿನಲ್ಲಿ ಕೊಡಬೇಕು, ಇಲ್ಲಲ್ಲ, ಎಂದೆ. ರಸೀತಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದಳು.

ಅವಳು ಹೇಳಿದ್ದು ನಿಜವಿರಬಹುದು. ಒಬ್ಬಳಿಗಾಗಿ ನಿಯಮ ಬದಲಿಸಲು ಆಗುವುದಿಲ್ಲ.

21 ಜುಲೈ

ಊಟದ ಹೊತ್ತಿನಲ್ಲಿ ಮತ್ತೆ ಓಡಿಸಿದೆ. ಈ ಸಲ ಪರದೆ ತುಂಬಿದ ಕೂಡಲೇ ಕೀಲಿ ಒತ್ತಿ ನಿಲ್ಲಿಸುತ್ತಾ ಹೋದೆ. ತಪ್ಪು ಸಾಲುಗಳನ್ನು ಕೈಯಲ್ಲಿ ನೋಟುಬುಕ್ಕಿಗೆ ಇಳಿಸಿದೆ. ಇದುವರೆಗೆ ನಾನು ಅವನ್ನು ಎಣಿಸಿದ್ದೆ, ಓದಿರಲಿಲ್ಲ.

ಮುನಿಯಪ್ಪ. ಮುನಿಯಪ್ಪ. ವೆಂಕಟಪ್ಪ. ಯಲ್ಲಮ್ಮ. ಮುನಿಯಪ್ಪ. ಊರುಗಳ ಹೆಸರು ನೋಡಿದರೆ ಸಾಕು, ಎಲ್ಲ ನಮ್ಮ ಜನರ ಕಾಲೋನಿಗಳೇ. ಒಬ್ಬ ರೆಡ್ಡಿ ಇಲ್ಲ, ಒಬ್ಬ ಗೌಡ ಇಲ್ಲ. ಅವರಿಗೆ ಎರಡು ಇನಿಷಿಯಲ್ಲು, ಮನೆತನ, ಹೆಸರು, ಹೆಸರಿಗೊಂದು ಬಾಲ. ನನ್ನ ಜರಡಿಯಲ್ಲಿ ಅವರು ಬೀಳಲು ಸಾಧ್ಯವೇ ಇಲ್ಲ. ನಮ್ಮವರಿಗೆ ಇದ್ದದ್ದು ಒಂದು ದೊಡ್ಡ, ಒಂದು ಚಿಕ್ಕ. ಅದನ್ನೂ ನಾನು ಕತ್ತರಿಸಿದೆ.

ನಮ್ಮ ಬೀದಿಯಲ್ಲೇ ವೆಂಕಟಮ್ಮಂದಿರು ಮೂವರಿದ್ದರು. ಮೂವರ ಮಡಿಲಲ್ಲೂ ಆಡಿದ್ದೇನೆ. ಇಸ್ಕೂಲಿನಲ್ಲಿ ಜವಾನನಾಗಿದ್ದ ನಮ್ಮಪ್ಪ ಗೋಡೆಯ ಮೇಲಿನ ನಕ್ಷೆ ನೋಡಿ ನನಗೆ ಭಾರತಮ್ಮ ಎಂದಿಟ್ಟ. ಇಡೀ ಕೇರಿಗೆ ಒಬ್ಬಳೇ ಭಾರತಮ್ಮ. ಬೀಳದವಳು ಬೀಳುವವರಿಗೆ ನಿಯಮ ಬರೆದಳು.

ಇದನ್ನು ಯಾವ ಗುಮಾಸ್ತನೂ ಮಾಡಲಿಲ್ಲ. ನಾನು ಮಾಡಿದೆ.

23 ಜುಲೈ

ಗಂಗುಲಪ್ಪನವರಿಗೆ ಹೇಳಿದೆ. ನೋಟುಬುಕ್ಕು ಮುಂದಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು.

"ಎಷ್ಟು ಆಕ್ಷೇಪಣೆ ಬಂದಿವೆ?"

"ಏಳು."

"ಏಳೂ ಸರಿ ಮಾಡು. ಸಹಿ ಹಾಕ್ತೀನಿ."

"ಮಿಕ್ಕೋರು ಸಾರ್?"

"ಮಿಕ್ಕೋರು ಬರ್ಲಿಲ್ಲವಲ್ಲ."

"ಹೆಂಗ್ ಬರ್ತಾರೆ ಸಾರ್? ಬಂದಿರೋ ಹೆಸರು ಅಂಟಿಸಿದೀವಿ. ತೆಗೆದಿರೋ ಹೆಸರು ಎಲ್ಲೂ ಅಂಟಿಸಿಲ್ಲ. ಮುನಿಯಪ್ಪ ಅಂತ ಪಟ್ಟೀಲಿ ನೋಡಿ ಮೂರು ಮನೆಯೋರೂ ನಮ್ಮದೇ ಅಂತ ಕೂತಿದಾರೆ. ಒಂದನೇ ತಾರೀಕಾದ್ಮೇಲೆ ಗೊತ್ತಾಗುತ್ತೆ ಯಾರದಲ್ಲ ಅಂತ."

ಅವರು ನೋಟುಬುಕ್ಕು ಮುಚ್ಚಿ ನನ್ನ ಕಡೆ ಸರಿಸಿದರು. ಆಮೇಲೆ ಅಂದರು: "ನೋಡಮ್ಮ, ನಂಗೆ ರಿಟೈರಾಗಕ್ಕೆ ಇನ್ನು ಎಂಟು ತಿಂಗಳಿದೆ. ಬೀಪಿ ಮಾತ್ರೆ ನುಂಗಿ ಇಲ್ಲಿ ಕೂತಿದೀನಿ. ಇನ್ನೂರು ತಪ್ಪು ಅಂತ ನಾವೇ ಒಪ್ಕೊಂಡ್ರೆ ನನ್ನ ಯಾರೂ ಬೈಯಲ್ಲ. ಕಾಲೋನಿ ಹುಡುಗೀನ ತಂದು ಕೂರ್ಸಿದ್ರು, ಇಷ್ಟೇ ಆಗೋದು ಅಂತಾರೆ. ನಿಂಗೆ ಬೇಕಾ ಅದು? ನಿನ್ ಆರ್ಡರ್ ಟೈಪಾಗಿ ನನ್ ಟ್ರೇನಲ್ಲಿದೆ."

ಹೆದರಿಸಲು ಹೇಳಿದ್ದಲ್ಲ. ನಿಜವಾಗಿ ಹಾಗೇ ಆಡುತ್ತಾರೆ. ನೋಟುಬುಕ್ಕು ಎತ್ತಿಕೊಂಡೆ. ಎದ್ದು ಬಂದೆ.

24 ಜುಲೈ, ಭಾನುವಾರ

ಮುಳಬಾಗಿಲಿಗೆ ಹೋದೆ. ಆವಲಪ್ಪಣ್ಣನನ್ನು ಕರೆದುಕೊಂಡು ಆದಿಲಕ್ಷ್ಮಮ್ಮನ ಊರಿನ ಕಾಲೋನಿಗೆ ನಡೆದೆ. ದಾರಿಯಲ್ಲಿ ಅವನಿಗೆ ಮಿಷನ್ನು ಹೆಸರು ಕಲಸಿದ್ದನ್ನು ಮಾತ್ರ ಹೇಳಿದೆ. 

ಹುಣಸೆ ಮರದ ಕೆಳಗೆ ಜನ ಸೇರಿದರು. ನೋಟುಬುಕ್ಕು ತೆಗೆದು "ಮುನಿಯಪ್ಪ" ಎಂದೆ. ಐದು ಜನ ಎದ್ದರು.

"ಕೂತ್ಕಳ್ರಲೋ," ಎಂದ ಆವಲಪ್ಪಣ್ಣ. "ಮಿಷನ್ನಿಗೆ ಒಬ್ನೇ ಸಾಕಂತೆ."

ನಗು ಎದ್ದಿತು. ಕಂಪ್ಯೂಟರು ಹೆಸರುಗಳನ್ನು ಕಲಸಿಬಿಟ್ಟಿದೆ, ಶುಕ್ರವಾರದೊಳಗೆ ಎಲ್ಲರೂ ಆಕ್ಷೇಪಣೆ ಕೊಡಬೇಕು ಎಂದು ವಿವರಿಸಿದೆ. ಮುದುಕನೊಬ್ಬ, ಐವರಲ್ಲಿ ಒಬ್ಬ ಮುನಿಯಪ್ಪನೇ, ಕೋಲು ನೆಲಕ್ಕೆ ಊರಿ ಕೇಳಿದ.

"ಅದಕ್ಕೆ ಕಲಸು ಅಂತ ಯಾರಮ್ಮ ಹೇಳಿದ್ದು?"

ನೋಟುಬುಕ್ಕು ಮುಚ್ಚಿದೆ. ಹೇಳಿದೆ. "ನಾನು."

ನಗು ನಿಂತಿತು. ಆವಲಪ್ಪಣ್ಣ ನೆಲ ನೋಡುತ್ತಿದ್ದ. ಬೈಯಲಿ ಎಂದು ಕಾದೆ. ಯಾರೂ ಬೈಯಲಿಲ್ಲ. ಕೊನೆಗೆ ಆದಿಲಕ್ಷ್ಮಮ್ಮ ಸೆರಗು ಕೊಡವಿಕೊಂಡು ಎದ್ದಳು.

"ಹೇಳಿದ್ದೋಳು ನೀನೇ ಆದ್ರೆ ತಿರ್ಗಿಸಿ ಹೇಳೋಳೂ ನೀನೇ. ಇಲ್ಲಿ ನಿಂತ್ಕೊಂಡು ಅಳ್ಬೇಡ, ಬಸ್ಸು ಹೊರ್ಡೋ ಹೊತ್ತಾಯ್ತು."

ನಾನು ಅಳುತ್ತಿದ್ದೆನೆಂದು ಆಗ ತಿಳಿಯಿತು.

ಇದು ಒಂದು ಊರು. ನೋಟುಬುಕ್ಕಿನಲ್ಲಿ ಅರವತ್ತೆರಡು ಊರಿವೆ. ನಡೆದು ಮುಗಿಯುವುದಿಲ್ಲ.

26 ಜುಲೈ

ಈ ಯಂತ್ರದ ಸಿ ಭಾಷೆಯಲ್ಲಿ ಮೂರಲ್ಲ, ಐದು ದಾರಿಗಳಿವೆ. ಐದನೆಯದು ಸ್ಟ್ಯಾಂಡರ್ಡ್ ಪ್ರಿಂಟರ್. ಫೈಲು ತೆರೆಯುವಂತಿಲ್ಲ, ಮುಚ್ಚುವಂತಿಲ್ಲ, ಬರೆದದ್ದು ನೇರ ಕಾಗದದ ಮೇಲೆ. ಪುಸ್ತಕದಲ್ಲಿ ಒಂದೇ ಸಾಲು ಇದೆ, ಯಾರೂ ಬಳಸುವುದಿಲ್ಲ.

ಗಂಗುಲಪ್ಪನವರು ಮೀಟಿಂಗಿಗೆ ಹೋಗಿದ್ದರು. ನಿಯಮ ಮುಟ್ಟಲಿಲ್ಲ. ತಪ್ಪಿನ ದಾರಿ ಇದ್ದ ಕಡೆ ಪ್ರಿಂಟರಿನ ದಾರಿ ಹಾಕಿದೆ. ಒಂದು ಪದ. ಓಡಿಸಿದೆ. ಪ್ರಿಂಟರು ಕಿರುಚಲು ಶುರುಮಾಡಿತು.

ಅಜ್ಮತುಲ್ಲಾ ಎದ್ದು ಬಂದು ಮೊದಲ ಹಾಳೆ ನೋಡಿದರು. "ಏನೂ ಕಾಣಲ್ಲ ಮೇಡಂ. ರಿಬ್ಬನ್ನು ಸತ್ತೋಗಿದೆ."

"ಇರ್ಲಿ ಬಿಡಿ. ಓದಬಹುದು."

"ಗೋಡೆ ಮೇಲೆ ಅಂಟ್ಸೋದು, ಹತ್ತಡಿ ದೂರದಿಂದ ಓದ್ಬೇಕು. ಪ್ರೆಸ್ಸಲ್ಲಿ ಕೆಲ್ಸ ಮಾಡಿದೀನಿ, ನಂಗೆ ಹೇಳ್ಬೇಡಿ." ಬೀರು ತೆಗೆದು ಸೀಲು ಹಾಕಿದ್ದ ಹೊಸ ರಿಬ್ಬನ್ನು ಒಡೆದರು. ರಿಜಿಸ್ಟರಿನಲ್ಲಿ ತಮ್ಮ ಹೆಸರನ್ನೇ ಬರೆದುಕೊಂಡರು.

ಆರು ಹಾಳೆ ಬಂತು. ಮೇಲೆ ಕೈಯಲ್ಲಿ ಬರೆದೆ: ಪಟ್ಟಿಯಿಂದ ತೆಗೆದ ಹೆಸರುಗಳು. ಕಾರಣ, ಒಂದೇ ಹೆಸರು. ಈ ನಿಯಮ ಬರೆದವಳು ಭಾರತಮ್ಮ, ಪ್ರೋಗ್ರಾಮರ್. ನಿಮ್ಮ ಹೆಸರಿದ್ದರೆ ಶುಕ್ರವಾರದೊಳಗೆ ಬನ್ನಿ.

ಸಂಜೆ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿ ನಾನೇ ಅಂಟಿಸಿದೆ. ಇಂಗ್ಲಿಷ್ ಅಕ್ಷರ ಓದಿ ಹೇಳಲು ಆವಲಪ್ಪಣ್ಣ ಬೋರ್ಡಿನ ಪಕ್ಕ ಸ್ಟೂಲು ಹಾಕಿ ಕೂತ. ಸಂತೆಗೆ ಬಂದವರೆಲ್ಲ ಕೇಳಿಕೊಂಡು ಹೋಗಲಿ ಎಂದ.

29 ಜುಲೈ

ನೂರ ತೊಂಬತ್ತಾರು ಆಕ್ಷೇಪಣೆ. ಹೆಬ್ಬೆಟ್ಟಿನ ಮಸಿ ಮೂರು ಸಲ ಮುಗಿಯಿತಂತೆ. ಮಿಕ್ಕ ಹದಿನೇಳು ಜನ ಬರಲಿಲ್ಲ. ಅವರಲ್ಲಿ ಕೆಲವರಾದರೂ ನಿಜವಾದ ಜೋಡಿ ಅರ್ಜಿಯವರು. ಪೆದ್ದನೂ ದೊಡ್ಡನೂ ಆಗಿದ್ದ ಆಸಾಮಿ ಸುಮ್ಮನೆ ಬೋರ್ಡು ನೋಡಿ ಮೀಸೆ ಸವರಿಕೊಂಡು ಹೋದನಂತೆ.

ಗಂಗುಲಪ್ಪನವರು ಒಂದೊಂದಕ್ಕೂ ಸಹಿ ಹಾಕಿದರು. ಸಂಜೆವರೆಗೆ ಹಾಕುತ್ತಲೇ ಇದ್ದರು. ಕೊನೆಯದನ್ನು ಮುಗಿಸಿ ಬೆರಳು ಮಟಮಟ ಮುರಿದುಕೊಂಡು, "ನೀನು ಮಾಡಿದ್ದು ತಪ್ಪು ಅನ್ನಲ್ಲ. ನನಗೊಂದು ಮಾತು ಹೇಳಿ ಮಾಡ್ಬೇಕಿತ್ತು" ಎಂದರು.

"ಹೇಳಿದ್ನಲ್ಲ ಸಾರ್."

ಅವರು ಟ್ರೇಯಿಂದ ಒಂದು ಕಾಗದ ತೆಗೆದು ಡ್ರಾಯರಿಗೆ ಹಾಕಿ ಕೀಲಿ ತಿರುಗಿಸಿದರು.

1 ಆಗಸ್ಟ್

ಮುಳಬಾಗಿಲಿನ ಅಂತಿಮ ಪಟ್ಟಿ ಹೊರಟಿತು. ದೊಡ್ಡ, ನಡಿಪಿ, ಚಿಕ್ಕ, ಮೂವರೂ ಇದ್ದಾರೆ.

ನಾಳೆಯಿಂದ ಬರುವುದು ಬೇಡ ಎಂದರು. ಶ್ರೀನಿವಾಸಪುರದ್ದು ಬೆಂಗಳೂರಿನಿಂದ ಬರುವವನು ನೋಡಿಕೊಳ್ಳುತ್ತಾನಂತೆ. "ಹೋಗೋ ಮುಂಚೆ ಆ ಪದ ಮೊದಲಿದ್ದ ಹಾಗೆ ಮಾಡಿಟ್ಟು ಹೋಗು" ಎಂದರು.

ಮಾಡಲಿಲ್ಲ. ನಿಯಮದ ಹದಿನೆಂಟು ಸಾಲು ಅಳಿಸಿದೆ, ಪದವನ್ನು ಹಾಗೇ ಬಿಟ್ಟೆ. ಅಳಿಸುವ ಮೊದಲು ಕೋಲಾರದ ಡಿಸ್ಕು ಹಾಕಿ ಓಡಿಸಿದೆ. ಆಮೇಲೆ ಮಾಲೂರಿನದು. ಐವತ್ತೆಂಟು, ನಲವತ್ತೊಂದು. ಅವು ಅಂತಿಮವಾಗಿ ಐದು ವಾರವಾಯಿತು. ಅವರಿಗೆ ಆಕ್ಷೇಪಣೆ ಕೊಡಲು ತಾರೀಕೇ ಇರಲಿಲ್ಲ.

ಗಂಗುಲಪ್ಪನವರು ಸದ್ದು ಕೇಳಿ ಬಂದು ಬಾಗಿಲಲ್ಲಿ ನಿಂತರು. ಹಾಳೆ ಹರಿದುಕೊಳ್ಳುವವರೆಗೆ ನಿಂತೇ ಇದ್ದರು. 

3 ಆಗಸ್ಟ್, ಮಾಲೂರು

ಆವಲಪ್ಪಣ್ಣ ಕೋರ್ಟಿಗೆ ಹೋಗೋಣ, ಇಲ್ಲ ಗೇಟಿಗೆ ಹೋಗೋಣ ಎನ್ನುತ್ತಾನೆ. ಎರಡಕ್ಕೂ ಜನ ಬೇಕು. ಜನ ಯಾರು ಎಂಬುದು ನನ್ನ ಹಾಳೆಯಲ್ಲಿದೆ. ಇವತ್ತು ನಾವು ಮಾಸ್ತಿ ಕಡೆಯ ಒಂದು ಊರಿನಿಂದ ಶುರು ಮಾಡಿದೆವು. ಮೊದಲ ಹೆಸರು ಕದಿರಪ್ಪ.

ದೊಡ್ಡ ಕದಿರಪ್ಪ ಹಸುವಿಗೆ ನೀರು ಇಡುತ್ತಿದ್ದ. ಅವನಿಗೆ ಜಾಗ ಸಿಕ್ಕಿದೆ, ಕಲ್ಲೂ ನೆಟ್ಟಿದ್ದಾನೆ. ತಮ್ಮ ಎಲ್ಲಿ ಎಂದೆ.

"ಅವನ ಸುದ್ದಿ ನಂಗೆ ಬೇಡಮ್ಮ. ಅವನ ಹೆಸ್ರಲ್ಲೂ ನಾನೇ ಅರ್ಜಿ ಹಾಕಿ ಕೆಡಿಸ್ದೆ ಅಂತಾನೆ. ಗುಮಾಸ್ತ ಹೇಳಿದ್ನಂತೆ, ಜೋಡಿ ಅರ್ಜಿ ಅಂತ. ಊರೆಲ್ಲಾ ಕೇಳಂಗೆ ಕಳ್ಳ ಅಂದ. ಒಂದೇ ಒಲೆ ಇತ್ತು, ಈಗ ಎರಡು."

"ನೀವು ಹಾಕ್ಲಿಲ್ಲ ಅಂತ ನಂಗೊತ್ತು."

"ನಿಂಗೊತ್ತಿದ್ರೇನು. ಅವನಿಗೆ ಹೇಳು, ನಾನು ಹೇಳಿದ್ರೆ ನಂಬಲ್ಲ."

ಚಿಕ್ಕ ಕದಿರಪ್ಪನ ಗುಡಿಸಲು ಊರಾಚೆ ಇತ್ತು. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ಹಾಳೆ ಬಿಡಿಸಿ ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲ. ನಾನು ಏನು ಬರೆದಿದ್ದೆ, ಅದು ಏನು ಮಾಡಿತು, ಮೊದಲಿಂದ ಹೇಳಿದೆ.

"ಹಂಗಾದ್ರೆ ನಮ್ಮಣ್ಣ ಹಾಕಿಲ್ವಾ?"

"ಇಲ್ಲ."

"ನೀನಾ?"

"ನಾನೇ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಗೂಟದ ಮೇಲಿದ್ದ ಟವಲು ಎಳೆದು ಹೆಗಲಿಗೆ ಹಾಕಿಕೊಂಡ. ನನ್ನನ್ನು ದಾಟಿ ಅಣ್ಣನ ಮನೆಯ ಕಡೆ ಬಿರಬಿರನೆ ನಡೆದ. ಅವನ ಹೆಂಡತಿ ಒಂದು ಚೊಂಬು ನೀರು ತಂದು ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು.

ನೀರು ಕುಡಿದೆ. ಹಾಳೆಯಲ್ಲಿ ಎರಡನೆಯ ಹೆಸರಿನ ಊರು ಇಲ್ಲಿಂದ ಮೂರು ಮೈಲಿ. ಕಾಲು ಬಹಳ ನೋಯುತ್ತಿದೆ.